ಓದು ಮುಗಿದು ಕೆಲಸ ಸಿಗದ ಯುವಜನರು: ಟಿಬೆಟನ್ ವಸಾಹತುಗಳ ಅನುಭವ ಮತ್ತು ನಮ್ಮ ಹೊಣೆ

ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಚೊಳಚಗುಡ್ಡ

ಮಾನ್ಯ ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ,

ಬಾಗಲಕೋಟೆ ಜಿಲ್ಲೆಯಲ್ಲಿ ಟಿಬೆಟನ್ ನಿರಾಶ್ರಿತರ ವಸಾಹತು ಇಲ್ಲ. ಆದರೂ ಆ ವಸಾಹತುಗಳ ಯುವಜನರ ಸ್ಥಿತಿಯನ್ನು ಇಲ್ಲಿ ವಿವರಿಸಲು ಕಾರಣವಿದೆ. ಓದು ಮುಗಿದಿದೆ ಇಲ್ಲವೇ ಅರ್ಧಕ್ಕೆ ನಿಂತಿದೆ, ಕೆಲಸ ದೊರೆತಿಲ್ಲ, ಮನೆಯ ಜಮೀನು ಎಲ್ಲರಿಗೂ ಸಾಲದು. ಈ ಮೂರೂ ಸಂಗತಿಗಳು ಅಲ್ಲಿಯೂ ಇವೆ, ಮಲಪ್ರಭೆಯ ದಂಡೆಯ ನಮ್ಮ ಊರುಗಳಲ್ಲಿಯೂ ಇವೆ. ಇಂತಹ ಯುವಕ ಯುವತಿಯರನ್ನು ಮೊದಲು ಗಮನಿಸಬೇಕಾದವರು ಯಾರು ಎಂಬುದೇ ಈ ಲೇಖನದ ವಿಷಯ.

ಹಿನ್ನೆಲೆ

1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಟಿಬೆಟನ್ನರೂ ಇಲ್ಲಿ ಆಶ್ರಯ ಪಡೆದರು. ಆಗಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಭೂಮಿಯನ್ನು ಒದಗಿಸಿತು. ಆ ವೇಳೆ ನಮ್ಮ ಜಮಖಂಡಿ ತಾಲ್ಲೂಕಿನ ಸಾವಳಗಿಯವರಾದ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಗಳಾಗಿದ್ದರು. 1966ರಲ್ಲಿ, ಎಸ್. ನಿಜಲಿಂಗಪ್ಪನವರ ಅವಧಿಯಲ್ಲಿ, ಮುಂಡಗೋಡ ವಸಾಹತು ಆರಂಭವಾಯಿತು. ಮುಂದೆ ಹುಣಸೂರು ಮತ್ತು ಕೊಳ್ಳೇಗಾಲ ಭಾಗಗಳಲ್ಲಿಯೂ ವಸಾಹತುಗಳು ನೆಲೆಗೊಂಡವು.

ಅಲ್ಲಿನ ಯುವಜನರ ಸ್ಥಿತಿ

ಮೊದಲ ಪೀಳಿಗೆಯವರು ಕಾಡು ಕಡಿದು ಮೆಕ್ಕೆಜೋಳ ಬೆಳೆದರು. ಭೂಮಿ ಗುತ್ತಿಗೆಯದು, ಕುಟುಂಬ ಬೆಳೆದಂತೆ ಅದು ಬೆಳೆಯಲಿಲ್ಲ. ಮಕ್ಕಳು ಓದಿದರು, ಓದಿದವರು ಹೊಲಕ್ಕೆ ಮರಳಲಿಲ್ಲ. ಅನೇಕ ಕುಟುಂಬಗಳಿಗೆ ಆಧಾರವಾದ ಸ್ವೆಟರ್ ವ್ಯಾಪಾರ ಚಳಿಗಾಲದ ಕೆಲವೇ ತಿಂಗಳದ್ದು. ಭಾರತೀಯ ಪೌರತ್ವವಿಲ್ಲದೆ ನೋಂದಣಿ ಪ್ರಮಾಣಪತ್ರದ ಮೇಲೆ ವಾಸಿಸುವವರಿಗೆ ಸರ್ಕಾರಿ ನೌಕರಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಕೇಂದ್ರ ಸರ್ಕಾರದ 2014ರ ಟಿಬೆಟನ್ ಪುನರ್ವಸತಿ ನೀತಿಯು ಉದ್ಯೋಗ ಖಾತರಿ, ಪಡಿತರ ಮೊದಲಾದ ಯೋಜನೆಗಳನ್ನು ಇವರಿಗೂ ವಿಸ್ತರಿಸಲು ರಾಜ್ಯಗಳಿಗೆ ಸೂಚಿಸಿತು.

ಪರಿಣಾಮವಾಗಿ ಅನೇಕರು ಬೆಂಗಳೂರು, ದೆಹಲಿ ಹಾಗೂ ವಿದೇಶಗಳಿಗೆ ತೆರಳಿದ್ದಾರೆ. ಮನೆಗಳಲ್ಲಿ ಹಿರಿಯರು ಉಳಿದಿದ್ದಾರೆ. ಹೊರಗೂ ಹೋಗಲಾಗದೆ, ಊರಿನಲ್ಲಿಯೂ ಕೆಲಸ ಕಾಣದೆ ಉಳಿದವರೇ ಮದ್ಯ, ಮಾದಕ ವಸ್ತು ಮತ್ತು ಖಿನ್ನತೆಗೆ ಬಲಿಯಾಗುವ ಅಪಾಯ ಹೆಚ್ಚು.

ಅಲ್ಲಿಂದ ತಿಳಿಯಬೇಕಾದುದು

ಧರ್ಮಶಾಲೆಯಲ್ಲಿರುವ ಕೇಂದ್ರೀಯ ಟಿಬೆಟನ್ ಆಡಳಿತವು ವೃತ್ತಿ ತರಬೇತಿ ಮತ್ತು ಸ್ವಂತ ಉದ್ಯಮಕ್ಕೆ ನೆರವು ನೀಡುತ್ತದೆ. ಆದರೆ ಆ ನೆರವು ಮನೆಯ ಬಾಗಿಲಿಗೆ ತಲುಪುವುದು ವಸಾಹತಿನ ಒಳಗಿನ ವ್ಯವಸ್ಥೆಯಿಂದ. ಪ್ರತಿ ವಸಾಹತನ್ನು ಶಿಬಿರಗಳಾಗಿ ವಿಂಗಡಿಸಲಾಗಿದೆ. ಪ್ರತಿ ಶಿಬಿರಕ್ಕೂ ಒಬ್ಬ ಮುಖಂಡರಿರುತ್ತಾರೆ. ಯಾವ ಮನೆಯ ಮಗ ಪರೀಕ್ಷೆಯಲ್ಲಿ ಅನುತ್ತೀರ್ಣನಾದ, ಯಾರು ನಗರದಿಂದ ಬರಿಗೈಯಲ್ಲಿ ಮರಳಿದರು ಎಂಬುದನ್ನು ದೂರದ ಕಚೇರಿಗಿಂತ ಮೊದಲು ಅರಿಯಬಲ್ಲವರು ಅವರೇ.

ನಮ್ಮಲ್ಲಿ ಆ ಸ್ಥಾನ ವಾರ್ಡ್ ಸದಸ್ಯರದು. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಿದ್ದಾರೆ. ಶಾಲೆ ಬಿಟ್ಟವರ ಹೆಸರು ಶಾಲೆಯ ಹಾಜರಿಯಲ್ಲಿ ಇರುವುದಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೂ ಅವರು ಏನು ಮಾಡುತ್ತಿದ್ದಾರೆ ಎಂಬುದು ಅದರಲ್ಲಿಲ್ಲ. ಬನಶಂಕರಿ ಜಾತ್ರೆಯ ವ್ಯಾಪಾರ ಚೊಳಚಗುಡ್ಡದ ಯುವಕರಿಗೆ ಸುಮಾರು ಒಂದು ತಿಂಗಳ ದುಡಿಮೆ ಕೊಡುತ್ತದೆ. ಉಳಿದ ತಿಂಗಳುಗಳಲ್ಲಿ ಮಂಗಳೂರು, ಗೋವಾಗಳಿಗೆ ಗುಳೆ ಹೋದವರು ಯಾರು, ಮನೆಯಲ್ಲೇ ಕುಳಿತವರು ಯಾರು ಎಂದು ಕೇಳಿದರೆ ನಮ್ಮ ಕಚೇರಿಯ ಯಾವ ದಾಖಲೆಯೂ ಉತ್ತರಿಸದು.

ಕೈಗೊಳ್ಳಬಹುದಾದ ಕ್ರಮಗಳು

1. ವಾರ್ಡ್‌ವಾರು ಪಟ್ಟಿ: 18ರಿಂದ 30 ವರ್ಷದೊಳಗಿನ, ಓದೂ ಇಲ್ಲದ ಕೆಲಸವೂ ಇಲ್ಲದ ಎಲ್ಲರನ್ನೂ ಸೇರಿಸುವುದು. ಪಿಯುಸಿ ನಂತರ ಮನೆಯಲ್ಲಿ ಉಳಿದ ಹೆಣ್ಣುಮಕ್ಕಳು ಬಿಟ್ಟುಹೋಗಬಾರದು.

2. ದಾಖಲೆ: ಟಿಬೆಟನ್ ಯುವಕನ ತೊಡಕು ಕಾನೂನಿನದು, ಸುಲಭವಾಗಿ ಬಗೆಹರಿಯದು. ನಮ್ಮವರದು ಅನೇಕ ಬಾರಿ ಆಧಾರ್ ಮತ್ತು ಅಂಕಪಟ್ಟಿಯ ಹೆಸರಿನಲ್ಲಿರುವ ಒಂದು ಅಕ್ಷರದ ವ್ಯತ್ಯಾಸ. ಅದನ್ನು ಮೊದಲು ಸರಿಪಡಿಸಬೇಕು.

3. ತರಬೇತಿ: 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯಲ್ಲಿ ರೂಪುಗೊಂಡ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಊಟ, ವಸತಿ ಸಹಿತ ಉಚಿತ ತರಬೇತಿ ನೀಡುತ್ತವೆ. ಕಲಿತ ಕಸುಬಿಗೆ ಸ್ಥಳೀಯ ಬೇಡಿಕೆ ಇದೆಯೇ ಎಂದು ವಿಚಾರಿಸಿಯೇ ಹೆಸರು ಕಳುಹಿಸಬೇಕು.

4. ಯುವನಿಧಿ: ಅರ್ಹ ನಿರುದ್ಯೋಗಿ ಪದವೀಧರರಿಗೆ ಮಾಸಿಕ ₹3000, ಡಿಪ್ಲೊಮಾ ಪಡೆದವರಿಗೆ ₹1500, ಗರಿಷ್ಠ ಎರಡು ವರ್ಷ. ಅರ್ಜಿ ಸೇವಾಸಿಂಧು ಮೂಲಕ.

5. ವ್ಯಸನ ಮತ್ತು ಮಾನಸಿಕ ಆರೋಗ್ಯ: ಇಂತಹವರ ಹೆಸರನ್ನು ಸಭೆಯಲ್ಲಿ ಓದಬಾರದು. ಅವಮಾನಗೊಂಡ ಯುವಕ ನೆರವು ಕೇಳಲು ಮತ್ತೆ ಬರುವುದಿಲ್ಲ. ಆಶಾ ಕಾರ್ಯಕರ್ತೆಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416. ಮಾದಕ ವ್ಯಸನಮುಕ್ತಿ ಸಹಾಯವಾಣಿ 14446.

ಮುಂದಿನ ವಾರ್ಡ್ ಸಭೆಯೊಳಗೆ ಮೊದಲ ಕ್ರಮವನ್ನಾದರೂ ಪೂರ್ಣಗೊಳಿಸಲು ಕೋರಲಾಗಿದೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಯಾವ ಯೋಜನೆಯೂ ತಲುಪುವುದಿಲ್ಲ.