ನಕ್ಷೆಯೊಳಗೊಂದು ಚಿತ್ರ

ಧಾರವಾಡ ಸೀಮೆಯ ಕಸೂತಿ ಕಲಾವಿದೆಯು ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಗೆ ಹಾಕುತ್ತಾಳೆ. ಗೋಪುರವಾಗಲಿ ತೇರಾಗಲಿ, ಆ ಎಣಿಕೆಯಿಂದಲೇ ಮೂಡಬೇಕು. ಮನೆ ಕಟ್ಟುವ ಮೇಸ್ತ್ರಿಯಾದರೋ ಎರಡು ಗೂಟಗಳನ್ನು ನೆಟ್ಟು, ನಡುವೆ ದಾರ ಬಿಗಿದು ಗೋಡೆಯ ಗೆರೆಯನ್ನು ಗೊತ್ತುಪಡಿಸುತ್ತಾನೆ. ಅವನಿಗೆ ಎರಡು ತುದಿಗಳು ತಿಳಿದರೆ ಸಾಕು. ಗಣಕಯಂತ್ರವು ಚಿತ್ರವನ್ನು ಇಟ್ಟುಕೊಳ್ಳುವ ರೀತಿಗಳೂ ಮುಖ್ಯವಾಗಿ ಈ ಎರಡೇ. ಬಣ್ಣದ ಚುಕ್ಕೆಗಳನ್ನು ಸಾಲುಸಾಲಾಗಿ ಜೋಡಿಸಿಟ್ಟ ಚಿತ್ರಕ್ಕೆ ರಾಸ್ಟರ್ ಚಿತ್ರವೆಂದು ಹೆಸರು. ಅದರ ಒಂದೊಂದು ಚುಕ್ಕೆಯೂ ಒಂದು ಪಿಕ್ಸೆಲ್. ತುದಿಗಳ ಸ್ಥಾನವನ್ನು ಮಾತ್ರ ಬರೆದಿಟ್ಟು ಗೆರೆಯನ್ನು ಮೂಡಿಸುವ ಚಿತ್ರವು ವೆಕ್ಟರ್ ಚಿತ್ರ. ಎರಡನೆಯದನ್ನು ಎಷ್ಟು ಹಿಗ್ಗಿಸಿದರೂ ಗೆರೆ ಸ್ಫುಟವಾಗಿಯೇ ಉಳಿಯುವುದು. ಮೊದಲನೆಯದನ್ನು ಹಿಗ್ಗಿಸಿದರೆ ಚುಕ್ಕೆಗಳೇ ದಪ್ಪವಾಗಿ ಕಾಣುವುವು.

ಈ ಎರಡು ಧಾರೆಗಳೂ ಬೇರೆಬೇರೆಯಾಗಿ ಹುಟ್ಟಿದವು. 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿ ರಸೆಲ್ ಕಿರ್ಶ್ ಮತ್ತು ಸಹೋದ್ಯೋಗಿಗಳು ಒಂದು ಭಾವಚಿತ್ರವನ್ನು 176 × 176 ಚುಕ್ಕೆಗಳಾಗಿ ಗಣಕಕ್ಕೆ ಊಡಿದರು. ಅದು ಕಿರ್ಶ್ ಅವರ ಹಸುಗೂಸಿನ ಚಿತ್ರವಾಗಿತ್ತು. 1963ರಲ್ಲಿ ಐವನ್ ಸದರ್‌ಲ್ಯಾಂಡ್ ಅವರು ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಗೆ ಸಲ್ಲಿಸಿದ ಪ್ರೌಢ ಪ್ರಬಂಧದಲ್ಲಿ 'ಸ್ಕೆಚ್‌ಪ್ಯಾಡ್' ಎಂಬ ಏರ್ಪಾಡನ್ನು ವಿವರಿಸಿದರು. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆಯುವ ಏರ್ಪಾಡು ಅದು. 1982ರಲ್ಲಿ ಹೊರಬಂದ ಆಟೋಕ್ಯಾಡ್ ಈ ವಿದ್ಯೆಯನ್ನು ಸಣ್ಣ ಗಣಕಗಳಿಗೂ ತಂದಿತು. 1997ರಲ್ಲಿ ಬಂದ ಅದರ 14ನೆಯ ಆವೃತ್ತಿಯಲ್ಲಿ ರಾಸ್ಟರ್ ಚಿತ್ರವನ್ನು ನಕ್ಷೆಗೆ ಜೋಡಿಸುವ ಅನುಕೂಲ ದೊರೆಯಿತು.

ಇಂಥ ಜೋಡಣೆಯ ಅಗತ್ಯವೇನು? ದಶಕಗಳ ಹಿಂದೆ ಕಟ್ಟಿದ ಶಾಲಾ ಕಟ್ಟಡವೊಂದಕ್ಕೆ ಮತ್ತೊಂದು ಅಂತಸ್ತನ್ನು ಏರಿಸಬೇಕಾಗಿದೆಯೆನ್ನೋಣ. ಹಳೆಯ ನಕಾಶೆ ಮಾಸಿದ ಕಾಗದದಲ್ಲಿದೆ. ಅದನ್ನು ಸ್ಕ್ಯಾನ್ ಮಾಡಿ, ಹೊಸ ನಕ್ಷೆಯ ತಳದಲ್ಲಿ ಹಾಸಿ, ಅದರ ಮೇಲೆ ಹೊಸ ಗೆರೆಗಳನ್ನು ಎಳೆಯುವುದು ಸುಲಭವಾದ ಮಾರ್ಗ. ಆದರೆ ಸುಲಭವಾದ ಈ ಮಾರ್ಗದಲ್ಲಿ ಎಡವುವ ಸ್ಥಳಗಳು ಮೂರಿವೆ.

ಮೊದಲನೆಯದು ಚಿತ್ರದ ವಾಸಸ್ಥಾನ. ಜೋಡಿಸಿದ ಚಿತ್ರವು ನಕ್ಷೆಯ ಫೈಲಿನೊಳಗೇ ಸೇರಿತೆಂದು ಹಲವರು ತಿಳಿಯುತ್ತಾರೆ. ವಾಸ್ತವವಾಗಿ ಆಟೋಕ್ಯಾಡ್ ನಕ್ಷೆಯು ಇಟ್ಟುಕೊಳ್ಳುವುದು ಚಿತ್ರದ ಹೆಸರು, ಅದಿರುವ ಜಾಗ, ಅಳತೆ, ಓರೆ ಇಷ್ಟನ್ನೇ. ಪುಸ್ತಕದಲ್ಲಿ ಪಟವನ್ನು ಅಂಟಿಸುವುದು ಒಂದು, 'ಪಟವು ಇಂಥ ಕಪಾಟಿನಲ್ಲಿದೆ' ಎಂದು ಬರೆದಿಡುವುದು ಇನ್ನೊಂದು. ಈ ಕ್ರಮದಿಂದ ನಕ್ಷೆ ಹಗುರವಾಗಿರುವುದು. ಒಂದೇ ಚಿತ್ರವನ್ನು ಹಲವು ನಕ್ಷೆಗಳು ಬಳಸಬಹುದು. ಆದರೆ ನಕ್ಷೆಯನ್ನು ಮಾತ್ರ ಬೇರೆಡೆಗೆ ಕಳುಹಿಸಿದರೆ, ಅಲ್ಲಿನವರಿಗೆ ಬರಿಯ ಚೌಕಟ್ಟು ಕಾಣುವುದು, ಒಳಗೆ ಚಿತ್ರದ ಹೆಸರು ಮಾತ್ರ. ಆದುದರಿಂದ ನಕ್ಷೆಯನ್ನೂ ಚಿತ್ರವನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಒಟ್ಟಿಗೆ ಕಳುಹಿಸಬೇಕು. ವಿಂಡೋಸ್‌ನ ಓಎಲ್‌ಇ ಎಂಬ ವಿಧಾನದಿಂದ ಚಿತ್ರವನ್ನು ನಕ್ಷೆಯೊಳಗೇ ಹುದುಗಿಸಲೂಬಹುದು. ಆಗ ಫೈಲು ಭಾರವಾಗುವುದಲ್ಲದೆ, ಬೇರೆ ತಂತ್ರಾಂಶದಲ್ಲಿ ತೆರೆದಾಗ ತೊಡಕಾಗುವ ಸಂಭವವುಂಟು. ತಿದ್ದುವ ಅಗತ್ಯವಿಲ್ಲದ ಅಂತಿಮ ಪ್ರತಿಯನ್ನು ಪಿಡಿಎಫ್ ರೂಪದಲ್ಲಿ ಕೊಡುವುದು ಲೇಸು. ಅದರಲ್ಲಿ ಚಿತ್ರವೂ ಗೆರೆಯೂ ಕೂಡಿಯೇ ಇರುತ್ತವೆ.

ಎರಡನೆಯದು ಭಾರ. 594 × 841 ಮಿಲಿಮೀಟರ್ ಅಳತೆಯ ಎ1 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 7 ಕೋಟಿ ಚುಕ್ಕೆಗಳಾಗುತ್ತವೆ. ಪೂರ್ಣ ಬಣ್ಣದಲ್ಲಿ ಚುಕ್ಕೆಯೊಂದಕ್ಕೆ 3 ಬೈಟ್‌ಗಳಂತೆ, ಅಡಕಗೊಳಿಸದ ಚಿತ್ರದ ಗಾತ್ರ ಸುಮಾರು 210 ಮೆಗಾಬೈಟ್. ಬರಿಯ ಕಪ್ಪು-ಬಿಳುಪಾದರೆ ಇದರ 24ರಲ್ಲಿ ಒಂದು ಪಾಲು, ಎಂದರೆ 9 ಮೆಗಾಬೈಟಿಗೂ ಕಡಿಮೆ. ಶಾಯಿಯ ಸ್ಪಷ್ಟ ಗೆರೆಗಳಿಗೆ ಕಪ್ಪು-ಬಿಳುಪು ಸಾಕು; ಮಾಸಿದ ಪೆನ್ಸಿಲ್ ಗೆರೆಗಳಿಗೆ ಬೂದುಬಣ್ಣದ ಛಾಯೆಗಳು ಬೇಕಾಗುತ್ತವೆ.

ಮೂರನೆಯದೂ ಅತಿ ಮುಖ್ಯವಾದುದೂ ಪ್ರಮಾಣ. ಚುಕ್ಕೆಗಳಿಗೆ ಅಡಿ-ಅಂಗುಲಗಳ ಅರಿವಿಲ್ಲ. ಉದ್ದ ಗೊತ್ತಿರುವ ಗೋಡೆಯೊಂದರ ಎರಡು ತುದಿಗಳನ್ನು ಗುರುತಿಸಿ, ಚಿತ್ರವನ್ನು ಆ ಉದ್ದಕ್ಕೆ ಹೊಂದಿಸಬೇಕು. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಹಳೆಯ ಕಾಗದವು ತೇವಕ್ಕೂ ಒಣಹವೆಗೂ ಹಿಗ್ಗಿ ಕುಗ್ಗಿರುತ್ತದೆ, ಅದೂ ಎರಡು ದಿಕ್ಕುಗಳಲ್ಲಿ ಸಮನಾಗಿ ಅಲ್ಲ. 40 ಅಡಿಯ ಉದ್ದ ಸರಿಹೊಂದಿದ ಮೇಲೂ 25 ಅಡಿಯ ಅಗಲವು 24 ಅಡಿ 9 ಅಂಗುಲವೆಂದು ತೋರಬಹುದು. ಆದಕಾರಣ ಅಡ್ಡದಿಕ್ಕಿನ ಅಳತೆಯನ್ನೂ ತಾಳೆ ನೋಡಬೇಕು. ವ್ಯತ್ಯಾಸ ಕಂಡಲ್ಲಿ ನಕಾಶೆಯ ಮೇಲೆ ಬರೆದ ಅಂಕಿಯನ್ನು ನೋಡಬೇಕು. ಕೊನೆಗೆ ಟೇಪು ಹಿಡಿದು ಗೋಡೆಯನ್ನೇ ಅಳೆಯಬೇಕು.

ಜಮೀನಿನ ವಿಷಯದಲ್ಲಂತೂ ಈ ಎಚ್ಚರ ಇಮ್ಮಡಿಯಾಗಿರತಕ್ಕದ್ದು. ಕರ್ನಾಟಕದ ಗ್ರಾಮನಕ್ಷೆಗಳ ವಾಡಿಕೆಯ ಪ್ರಮಾಣ 1:7920. ಎಂದರೆ ಹಾಳೆಯ ಒಂದು ಅಂಗುಲಕ್ಕೆ ನೆಲದ 660 ಅಡಿ. ಇಂಥ ನಕ್ಷೆಯನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಒಂದೊಂದು ಚುಕ್ಕೆಯೂ 2.2 ಅಡಿ ನೆಲವನ್ನು ಆವರಿಸುವುದು. ಅರ್ಧ ಮಿಲಿಮೀಟರ್ ದಪ್ಪದ ಶಾಯಿಯ ಗೆರೆಯಾದರೋ ನೆಲದ ಮೇಲೆ ಸುಮಾರು 13 ಅಡಿ! ಆ ಗೆರೆಯ ಮೇಲೆ ಗಣಕವು ಕೂದಲೆಳೆಯಷ್ಟು ತೆಳುವಾದ ಗೆರೆಯನ್ನು ಎಳೆದು, ಅಂಗುಲದವರೆಗೂ ಲೆಕ್ಕ ಒಪ್ಪಿಸುವುದು. ಆದರೆ ಆ ಅಂಗುಲವು ಮೂಲ ಕಾಗದದಲ್ಲಿ ಇರಲೇ ಇಲ್ಲ. ಅದನ್ನು ನಂಬಿ ಕಾಂಪೌಂಡು ಕಟ್ಟಿದರೆ ನೆರೆಹೊರೆಯವರ ನಡುವೆ ವ್ಯಾಜ್ಯ ಹುಟ್ಟೀತು. ಬಾಂದುಗಳನ್ನು ಹುಡುಕಿ, ಮೂಲ ಅಳತೆಯ ಟಿಪ್ಪಣಿಗಳನ್ನು ನೋಡಿ, ಸ್ಥಳದಲ್ಲೇ ಅಳೆಯುವುದಲ್ಲದೆ ಬೇರೆ ದಾರಿಯಿಲ್ಲ.

ಚಿತ್ರವನ್ನು ಜೋಡಿಸಿದವರು ಅದು ಯಾವ ಹಾಳೆಯ ಪ್ರತಿ, ಎಂದು ಸ್ಕ್ಯಾನ್ ಆಯಿತು, ಯಾವ ಅಳತೆಗೆ ಹೊಂದಿಸಿದ್ದು ಎಂಬುದನ್ನು ನಕ್ಷೆಯ ಮೂಲೆಯಲ್ಲಿ ಬರೆದಿಡುವುದು ಉಚಿತ. ಮೂಲ ಕಾಗದವನ್ನೂ ಜೋಪಾನವಾಗಿಡಬೇಕು. ಮುಂದೆ ಆ ಕಟ್ಟಡದ ಮೇಲೆ ಭಾರ ಹೇರುವವರಿಗೆ, ಅದರ ಕೆಳಗೆ ಕುಳಿತು ಪಾಠ ಕಲಿಯುವ ಮಕ್ಕಳಿಗೆ, ಆ ಎರಡು ಸಾಲಿನ ಬರೆಹವೇ ರಕ್ಷೆಯಾದೀತು.