ಪಶುವೈದ್ಯವೃತ್ತಿಗೆ ಪ್ರೇರಣೆ

ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನಗಳಲ್ಲಿ, ಮುಂದೆ ಏನನ್ನು ಓದಬೇಕೆಂಬ ಪ್ರಶ್ನೆಯನ್ನು ಹೊತ್ತು ವಿದ್ಯಾರ್ಥಿಗಳು ನಮ್ಮ ಬಳಿಗೆ ಬರುವುದುಂಟು. ಅವರು ಇಂಜಿನಿಯರಿಂಗ್, ವೈದ್ಯ, ನ್ಯಾಯಶಾಸ್ತ್ರಗಳ ಹೆಸರನ್ನು ಉಚ್ಚಸ್ವರದಲ್ಲಿ ಹೇಳುತ್ತಾರೆ. ಪಶುವೈದ್ಯದ ಹೆಸರನ್ನು ಮಾತ್ರ ತಗ್ಗಿದ ದನಿಯಲ್ಲಿ. ಮನುಷ್ಯವೈದ್ಯಕ್ಕೆ ಸ್ಥಳ ದೊರೆಯದವನಿಗೆ ಉಳಿದ ದಾರಿ ಇದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವಿಚಾರಿಸೋಣ.

ನಾವೂ ಈ ಭಾವನೆಗೆ ಹೊರತಾಗಿರಲಿಲ್ಲ. ಒಮ್ಮೆ ಹಳ್ಳಿಯ ಹುಡುಗನೊಬ್ಬನು ಬಂದು, ತಾನು ಪಶುವೈದ್ಯನಾಗಬೇಕೆಂದಿರುವುದಾಗಿಯೂ, ‘ದನದ ಡಾಕ್ಟರನಾಗಲು ಇಷ್ಟು ಓದಬೇಕೆ?’ ಎಂದು ತಂದೆ ಜರೆಯುತ್ತಿರುವುದಾಗಿಯೂ ಹೇಳಿದನು. ಇನ್ನೊಂದು ವರ್ಷ ಓದಿ ಮನುಷ್ಯವೈದ್ಯಕ್ಕೇ ಪ್ರಯತ್ನಿಸೆಂದು ನಾವು ಬುದ್ಧಿ ಹೇಳಿದೆವು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ನಮ್ಮೂರಲ್ಲಿ ಮನುಷ್ಯರಿಗೆ ಕಾಯಿಲೆಯಾದರೆ ಬಸ್ಸು ಹತ್ತಿಸಿ ಪೇಟೆಗೆ ಕರೆದುಕೊಂಡು ಹೋಗುತ್ತೇವೆ. ಬಿದ್ದ ಹಸುವನ್ನು ಯಾವ ಬಸ್ಸಿಗೆ ಹತ್ತಿಸೋಣ?” ಎಂದನು. ಅವರ ಮನೆಯಲ್ಲಿ ಇದ್ದುದು ಒಂದೇ ಹಸು. ಅದು ಕರು ಹಾಕಿದ ಮರುದಿನ ಬಿದ್ದದ್ದು ಏಳಲಿಲ್ಲ. ಆ ವರ್ಷ ಅವನ ಅಕ್ಕನ ಮದುವೆಯೂ ನಿಂತುಹೋಯಿತು. ನಮ್ಮಲ್ಲಿ ಉತ್ತರವಿರಲಿಲ್ಲ.

ಈ ವೃತ್ತಿಗೆ ಪ್ರೇರಣೆ ಯಾವುದೆಂದು ಕೇಳಿದರೆ, ಪ್ರಾಣಿಗಳ ಮೇಲಿನ ಪ್ರೀತಿಯೆಂದು ಬಹುಮಂದಿ ಹೇಳುವರು. ಪ್ರೀತಿ ಬೇಕಾದುದೇ ಸರಿ. ಆದರೆ ಅದೊಂದೇ ಸಾಲದು. ಪ್ರೀತಿಯುಳ್ಳವನು ಬಿದ್ದ ಹಸುವಿನ ಬಳಿ ಕುಳಿತು ಕಣ್ಣೀರಿಡಬಲ್ಲನು. ಅದನ್ನು ಎಬ್ಬಿಸಲು ವಿದ್ಯೆ ಬೇಕು. ಆ ಹುಡುಗನ ಹಸುವಿಗೆ ಬಂದದ್ದು ಬಹುಶಃ ಹಾಲುಜ್ವರವಿರಬೇಕು. ಹೆಸರು ಜ್ವರವಾದರೂ ಮೈ ಬಿಸಿಯಾಗುವುದಿಲ್ಲ; ತಣ್ಣಗಾಗುತ್ತದೆ. ಕರು ಹಾಕಿದ ಹಸುವಿನ ಸುಣ್ಣಾಂಶವೆಲ್ಲ ಒಮ್ಮೆಗೇ ಹಾಲಿಗೆ ಹರಿದು, ರಕ್ತದಲ್ಲಿ ಅದು ಕಡಮೆಯಾಗಿ, ಸ್ನಾಯುಗಳು ಶಕ್ತಿಗುಂದುತ್ತವೆ. ಹಸು ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿಬಿಡುತ್ತದೆ. ಕಾರಣವನ್ನರಿತವನು ಸಕಾಲದಲ್ಲಿ ಬಂದು ಕ್ಯಾಲ್ಸಿಯಂ ದ್ರಾವಣವನ್ನು ರಕ್ತನಾಳಕ್ಕೆ ಮೆಲ್ಲಮೆಲ್ಲನೆ ಹರಿಸಿದರೆ, ಅನೇಕ ವೇಳೆ ಅದೇ ಹಸು ಕೆಲವು ಗಂಟೆಗಳೊಳಗೆ ಎದ್ದು ನಿಲ್ಲುತ್ತದೆ. ಅದರೊಡನೆ ಒಂದು ಸಂಸಾರವೂ ಎದ್ದು ನಿಲ್ಲುತ್ತದೆ.

ಬುದ್ಧಿಶಾಲಿಗೆ ಇಲ್ಲಿ ಇನ್ನೊಂದು ಆಕರ್ಷಣೆಯುಂಟು. ಈ ವೈದ್ಯನ ರೋಗಿ ಎಲ್ಲಿ ನೋಯುತ್ತದೆಂದು ಹೇಳದು. ಮೆಲುಕು ನಿಂತಿದೆಯೆ, ಸಗಣಿ ಹೇಗಿದೆ, ಕಿವಿ ತಣ್ಣಗಿದೆಯೆ, ನಡಿಗೆ ಕುಂಟಿದೆಯೆ ಎಂಬುದನ್ನು ನೋಡಿ ಮುಟ್ಟಿಯೇ ರೋಗವನ್ನು ನಿರ್ಣಯಿಸಬೇಕು. ಹಸು, ಕುದುರೆ, ಕುರಿ, ನಾಯಿ, ಕೋಳಿಗಳ ದೇಹರಚನೆ ಬೇರೆಬೇರೆ. ಒಂದಕ್ಕೆ ಹಿತವಾದ ಔಷಧ ಮತ್ತೊಂದಕ್ಕೆ ವಿಷವಾಗಬಹುದು. ಈ ವಿದ್ಯೆ ನಮ್ಮವರಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿಯೇ ಚಾಳುಕ್ಯ ರಾಜಕುಮಾರನಾದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಅರಸುಮಗನಿಗೆ ಕುಂದೆನಿಸದ ವಿದ್ಯೆ ನಮಗೇಕೆ ಕುಂದೆನಿಸಬೇಕು?

ಇನ್ನು ಲೋಕಹಿತವನ್ನು ಬಯಸುವವನ ಮಾತು. 18ನೆಯ ಶತಮಾನದಲ್ಲಿ ಯೂರೋಪಿನ ದನಗಳನ್ನು ದೊಡ್ಡರೋಗವು ಹಿಂಡುಹಿಂಡಾಗಿ ಕೊಲ್ಲುತ್ತಿದ್ದಾಗ, 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಪಶುವೈದ್ಯಶಾಲೆಯೊಂದನ್ನು ತೆರೆಯಲು ಕ್ಲೋದ್ ಬೂರ್ಜೆಲಾ ಎಂಬಾತನಿಗೆ ಅಪ್ಪಣೆ ದೊರೆಯಿತು. ಆಧುನಿಕ ಪಶುವೈದ್ಯಶಿಕ್ಷಣಕ್ಕೆ ಅದೇ ಮೊದಲು. ಅದೇ ರೋಗವು ಇಥಿಯೋಪಿಯಕ್ಕೆ ಹೊಕ್ಕಾಗ ಉಳುವ ಎತ್ತುಗಳು ಸತ್ತು, ಹೊಲಗಳು ಬೀಳುಬಿದ್ದು, 1888ರಿಂದ 1892ರ ವರೆಗೆ ಮಹಾಕ್ಷಾಮ ತಲೆದೋರಿ ಅಸಂಖ್ಯ ಜನರು ಮಡಿದರು. ನಮ್ಮ ಮೈಸೂರು ಸಂಸ್ಥಾನವು 1925ರಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿದುದು ಇದನ್ನು ಎದುರಿಸುವುದಕ್ಕಾಗಿಯೇ. ಸುಮಾರು 1960ರಲ್ಲಿ ವಾಲ್ಟರ್ ಪ್ಲೌರೈಟ್ ಎಂಬ ಪಶುವೈದ್ಯನು ಕೀನ್ಯಾದಲ್ಲಿ ಉತ್ತಮವಾದ ಲಸಿಕೆಯನ್ನು ಸಿದ್ಧಪಡಿಸಿದನು. ದೇಶದೇಶಗಳ ಪಶುವೈದ್ಯರು ಹಟ್ಟಿಹಟ್ಟಿಗೆ ತಿರುಗಿ ಲಸಿಕೆ ಹಾಕಿದುದರ ಫಲವಾಗಿ, 2011ರಲ್ಲಿ ಆ ರೋಗವು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಮಾನವನು ಬೇರುಸಹಿತ ಕಿತ್ತುಹಾಕಿದ ರೋಗಗಳು ಇದುವರೆಗೆ ಎರಡೇ: ಒಂದು ಸಿಡುಬು, ಮತ್ತೊಂದು ದನಗಳ ಈ ದೊಡ್ಡರೋಗ.

ಹುಚ್ಚುನಾಯಿ ರೋಗ, ನೆರಡಿ ರೋಗ, ದನಗಳು ಕಂದು ಹಾಕುವ ರೋಗ, ಇವು ಪಶುಗಳಿಂದ ಮನುಷ್ಯರಿಗೂ ತಗಲುವಂಥವು. ಇವನ್ನು ಕೊಟ್ಟಿಗೆಯಲ್ಲಿಯೇ ತಡೆಯುವವನು ಊರಿನ ಆರೋಗ್ಯಕ್ಕೂ ಕಾವಲುಗಾರನು.

ಆದರೂ ಕಷ್ಟಗಳನ್ನು ಮರೆಮಾಚಲಾಗದು. ಅರ್ಧರಾತ್ರಿಯಲ್ಲಿ, ಲಾಂದ್ರದ ಬೆಳಕಿನಲ್ಲಿ, ಅಡ್ಡಬಿದ್ದ ಕರುವನ್ನು ಹೊರತೆಗೆಯಲು ತೋಳಿನವರೆಗೆ ಕೈಯಿಕ್ಕಬೇಕಾಗುವುದು. ಒದೆತವನ್ನೂ ಸೋಂಕನ್ನೂ ಸಹಿಸಬೇಕಾಗುವುದು. ಗುಣವಾಗದ ಪ್ರಾಣಿಗೆ ನೋವಿಲ್ಲದ ಮರಣವನ್ನು ಕೊಡಬೇಕಾದ ದಿನವೂ ಬರುವುದು. ಒಡೆಯನ ಬಡತನವನ್ನು ನೋಡಿ ಚಿಕಿತ್ಸೆಯನ್ನು ಯೋಚಿಸಬೇಕಾಗುವುದು. ಪ್ರತಿಷ್ಠೆಯನ್ನೇ ಬಯಸುವವನು ಈ ಹಾದಿಗೆ ಬಾರದಿರುವುದೇ ಲೇಸು.

ಆ ಹುಡುಗನು ನಮ್ಮ ಬುದ್ಧಿವಾದವನ್ನು ಕೇಳಲಿಲ್ಲ. ತಾನೆಂದುಕೊಂಡ ದಾರಿಯಲ್ಲಿಯೇ ಹೋದನು. ಆಮೇಲೆ ಬಂದ ವಿದ್ಯಾರ್ಥಿಗಳಿಗೆ ನಾವು ಬುದ್ಧಿ ಹೇಳುವ ಮುನ್ನ ಒಂದು ಪ್ರಶ್ನೆಯನ್ನು ಕೇಳುತ್ತಿದ್ದೇವೆ: “ನಿನ್ನ ವಿದ್ಯೆಗಾಗಿ ಯಾರು ಕಾದಿದ್ದಾರೆ?” ಕೊಟ್ಟಿಗೆಯ ಕಡೆಗೆ ಕೈದೋರುವವನಿಗೆ ಈಗ ನಾವು ಅಡ್ಡಿ ಹೇಳುವುದಿಲ್ಲ.