ಬಳಕೆಯಿಂದ ಬರುವ ಭಾಷೆ

ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತದವನಾದ ಫ್ರಾಂಸ್ವಾ ಗುವಾಂ ಎಂಬ ಲ್ಯಾಟಿನ್ ಅಧ್ಯಾಪಕನು, ಬರ್ಲಿನ್ ವಿಶ್ವವಿದ್ಯಾಲಯದ ಪಂಡಿತರ ಉಪನ್ಯಾಸಗಳನ್ನು ಅವರ ನುಡಿಯಲ್ಲಿಯೇ ಕೇಳಿ ಅರಿಯಬೇಕೆಂಬ ಹಂಬಲದಿಂದ, ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರಕ್ಕೆ ಹೋಗಿ ಬಿಡಾರ ಹೂಡಿದನು. ಪ್ರಾಚೀನ ಭಾಷೆಗಳನ್ನು ಕಲಿತ ಮಾರ್ಗವೊಂದೇ ಅವನಿಗೆ ಪರಿಚಿತವಾಗಿದ್ದ ಮಾರ್ಗ. ಆದಕಾರಣ ಬಾಗಿಲು ಮುಚ್ಚಿಕೊಂಡು ಕುಳಿತು, ಜರ್ಮನ್ ವ್ಯಾಕರಣವನ್ನೂ ಅದರ 248 ಅನಿಯತ ಕ್ರಿಯಾಪದಗಳನ್ನೂ ಕೆಲವೇ ದಿನಗಳಲ್ಲಿ ಕಂಠಪಾಠ ಮಾಡಿ, ಇನ್ನು ತನಗೆ ಅಡ್ಡಿಯಿಲ್ಲವೆಂಬ ಭರವಸೆಯಿಂದ ಅಲ್ಲಿಯ ವಿದ್ಯಾಲಯವೊಂದಕ್ಕೆ ಹೋಗಿ ಪಾಠ ಕೇಳಿದರೆ, ಒಂದೇ ಒಂದು ಮಾತೂ ಅವನಿಗೆ ತಿಳಿಯಲಿಲ್ಲ. ಧಾತುಗಳ ಜ್ಞಾನ ಸಾಲದೆಂದು ಬಗೆದು 800 ಧಾತುಗಳನ್ನು ಉರುಹೊಡೆದನು. ಜರ್ಮನ್ ಕವಿಗಳಾದ ಗಯಟೆ, ಷಿಲ್ಲರರ ಕೃತಿಗಳನ್ನು ನಿಘಂಟಿನ ನೆರವಿನಿಂದ ಭಾಷಾಂತರಿಸಲು ಹೆಣಗಿದನು. ಕಟ್ಟಕಡೆಗೆ ನಿಘಂಟನ್ನೇ ಕೈಗೆತ್ತಿಕೊಂಡು, ಅದರ 30,000 ಶಬ್ದಗಳನ್ನು ಒಂದು ತಿಂಗಳಲ್ಲಿ ಬಾಯಿಪಾಠ ಮಾಡಿ, ಕಣ್ಣಿನ ಬೇನೆಯನ್ನು ತಂದುಕೊಂಡನು. ಇಷ್ಟಾದರೂ ಫಲ ಶೂನ್ಯ.

ಈ ಅವಧಿಯಲ್ಲಿ ಅವನು ಜನರ ಸಹವಾಸವನ್ನು ಅರಸದೆ ಇರಲಿಲ್ಲ. ಕ್ಷೌರದ ಅಂಗಡಿಯೊಂದರಲ್ಲಿ ಹೋಗಿ ಕುಳಿತು, ಮನಸ್ಸಿನಲ್ಲಿಯೇ ವ್ಯಾಕರಣಬದ್ಧವಾಗಿ ಹೆಣೆದುಕೊಂಡ ವಾಕ್ಯವನ್ನು ಆಗೊಮ್ಮೆ ಈಗೊಮ್ಮೆ ಧೈರ್ಯ ಮಾಡಿ ನುಡಿಯುತ್ತಿದ್ದನು. ಅದನ್ನು ಕೇಳಿದ ಗಿರಾಕಿಗಳು ನಗುತ್ತಿದ್ದರು. ಆ ನಗೆಗೆ ಹಿಂಜರಿದು ಮತ್ತೆ ಪುಸ್ತಕಗಳ ನಡುವೆ ಸೇರಿಕೊಂಡುದೇ ಅವನ ಸೋಲಿಗೆ ನಿಜವಾದ ಕಾರಣವೆಂದು ನನ್ನ ತಿಳಿವಳಿಕೆ. ಅಂದಿನ ಅಂಗಡಿಯಲ್ಲಿ ಒಬ್ಬನಾದರೂ ನಗದೆ, ಅವನ ತಪ್ಪು ಮಾತಿಗೆ ಸರಿಯಾದ ಉತ್ತರವನ್ನಿತ್ತು, ಇನ್ನೊಂದು ಮಾತಾಡಿಸಿದ್ದರೆ, ಆ ಮೂವತ್ತು ಸಾವಿರ ಶಬ್ದಗಳ ಯಾತನೆ ಅವನಿಗೆ ತಪ್ಪುತ್ತಿತ್ತೋ ಏನೋ!

ಊರಿಗೆ ಹಿಂದಿರುಗಿದಾಗ, ತಾನು ಹೊರಟ ಕಾಲದಲ್ಲಿ ಇನ್ನೂ ಮಾತು ಬಾರದಿದ್ದ ತನ್ನ ಸೋದರಿಯ ಮಗನು, ಮೂರು ತುಂಬದ ಆ ಹಸುಳೆ, ಮನೆಯ ಭಾಷೆಯನ್ನು ನಿರಾಯಾಸವಾಗಿ ಆಡುತ್ತಿದ್ದುದನ್ನು ಕಂಡು ಗುವಾಂ ಬೆರಗಾದನು. ಒಂದು ದಿನ ಬಾಲಕನನ್ನು ಹಿಟ್ಟಿನ ಗಿರಣಿಗೆ ಕರೆದೊಯ್ದರು. ಚೀಲಗಳನ್ನು ಹೊತ್ತು ತರುವುದು, ಕಾಳು ಸುರಿಯುವುದು, ಕಲ್ಲು ತಿರುಗುವುದು, ಹಿಟ್ಟು ಬೀಳುವುದು, ಇವೆಲ್ಲವನ್ನೂ ಅವನು ಕಣ್ಣರಳಿಸಿ ನೋಡಿದನು, ಆಳುಗಳನ್ನು ಪ್ರಶ್ನಿಸಿದನು, ಬಳಿಕ ಬಹಳ ಹೊತ್ತು ಮೌನವಾಗಿದ್ದನು. ಮನೆಗೆ ಬಂದಮೇಲೆ ಕಂಡವರಿಗೆಲ್ಲ ಆ ಕಥೆಯನ್ನು ಹೇಳಿದ್ದೇ ಹೇಳಿದ್ದು. ಹೇಳುವಾಗಲೆಲ್ಲ ಮೊದಲು ಇದು, ಆಮೇಲೆ ಇದು ಎಂಬ ಕ್ರಮ ಮಾತ್ರ ತಪ್ಪಲಿಲ್ಲ. ಪುಟ್ಟ ಗಿರಣಿಯೊಂದನ್ನು ಮಾಡಿಸಿಕೊಂಡು, ಪುಟ್ಟ ಚೀಲಗಳನ್ನು ತುಂಬಿ, ಹೊತ್ತು, ಸುರಿದು, ಒಂದೊಂದು ಕೆಲಸಕ್ಕೂ ಒಂದೊಂದು ವಾಕ್ಯವನ್ನು ಗಟ್ಟಿಯಾಗಿ ನುಡಿಯುತ್ತ ಆಡಿದನು. ಮಗುವು ಶಬ್ದಗಳನ್ನು ಶೇಖರಿಸುತ್ತಿರಲಿಲ್ಲ. ಕಂಡ ಕ್ರಿಯೆಯನ್ನು ಮಾತಿನಲ್ಲಿ ಪುನಃ ಅನುಭವಿಸುತ್ತಿತ್ತು. ಈ ದರ್ಶನವನ್ನೇ ಆಧಾರವಾಗಿಟ್ಟುಕೊಂಡು ಗುವಾಂ 1880ರಲ್ಲಿ ಭಾಷಾಬೋಧನೆಯನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ನೂರು ವರ್ಷಗಳ ತರುವಾಯ ಅಮೆರಿಕದ ಸ್ಟೀಫನ್ ಕ್ರಾಷೆನ್ ಎಂಬ ವಿದ್ವಾಂಸನು, ನಿಯಮಗಳನ್ನು ಅಭ್ಯಾಸ ಮಾಡುವುದು ಬೇರೆ, ಅರ್ಥವಾಗುವ ಮಾತನ್ನು ಯಥೇಷ್ಟವಾಗಿ ಕೇಳುತ್ತ ಭಾಷೆಯನ್ನು ಮೈಗೂಡಿಸಿಕೊಳ್ಳುವುದು ಬೇರೆ ಎಂದು ಪ್ರತಿಪಾದಿಸಿದಾಗ, ಗಿರಣಿಯ ಬಾಲಕನು ತೋರಿದ ದಾರಿಯೇ ಶಾಸ್ತ್ರದ ಪರಿಭಾಷೆಯನ್ನು ಧರಿಸಿ ಬಂದಂತಾಯಿತು.

ನಮ್ಮ ನಾಡಿಗೆ ಇದು ಹೊಸ ವಿಷಯವಲ್ಲ. ದಕ್ಷಿಣ ಕನ್ನಡದ ಮಗು ಮನೆಯಲ್ಲಿ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಬೀದಿಯಲ್ಲಿ ತುಳುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವುದನ್ನು ಅಲ್ಲಿ ಯಾರೂ ಪಾಂಡಿತ್ಯವೆಂದು ಎಣಿಸುವುದಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಈ ಮೂವರೂ ಕನ್ನಡಕ್ಕೆ ಜ್ಞಾನಪೀಠ ಪ್ರಶಸ್ತಿಯನ್ನು ತಂದವರು. ಶಾಲೆಯೂ ಗ್ರಂಥಗಳೂ ಅವರಿಗೆ ನೆರವಾಗಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಧಾರವಾಡದ ಓಣಿ, ಕೋಲಾರ ಸೀಮೆಯ ಹಳ್ಳಿ, ಶಿರಸಿಯ ನಾಟಕದ ರಾತ್ರಿಗಳು ಮೊದಲು ಕಿವಿಯನ್ನು ಹದಗೊಳಿಸದೆ ಇದ್ದಿದ್ದರೆ ಗ್ರಂಥಗಳು ಏನು ತಾನೆ ಮಾಡುತ್ತಿದ್ದವು? 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಜರ್ಮನಿಯ ಕಿಟ್ಟೆಲ್ ಮಹಾಶಯರು ಪ್ರಾಪ್ತವಯಸ್ಕರಾದ ಮೇಲೆ ಕನ್ನಡಕ್ಕೆ ಒಲಿದವರು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವರ ಮಹಾಕೋಶದಲ್ಲಿ ಪ್ರಾಚೀನ ಕಾವ್ಯಗಳ ಶಬ್ದಗಳ ಮಗ್ಗುಲಲ್ಲಿಯೇ ಜನರ ಆಡುಮಾತೂ ಗಾದೆಗಳೂ ಕುಳಿತಿರುವುದನ್ನು ನೋಡಿದರೆ, ಅವರ ಅಧ್ಯಯನದ ಬೇರು ಜನರ ಬಾಯಿಯವರೆಗೂ ಇಳಿದಿತ್ತೆಂಬುದರಲ್ಲಿ ಸಂದೇಹವಿಲ್ಲ.

ಹಾಗೆಂದು, ಕೇಳುವುದೊಂದೇ ಸಾಕು, ಉಳಿದುದು ತಾನಾಗಿ ಬರುವುದೆಂಬ ಮಾತನ್ನು ನಾನು ಒಪ್ಪಲಾರೆ. ಕೆನಡಾದಲ್ಲಿ 1965ರಲ್ಲಿ, ಮಾಂಟ್ರಿಯಲ್ ಸಮೀಪದ ಸೇಂಟ್ ಲ್ಯಾಂಬರ್ಟ್ ಎಂಬ ಊರಿನಲ್ಲಿ, ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಎಲ್ಲ ಪಾಠಗಳನ್ನೂ ಫ್ರೆಂಚ್ ಭಾಷೆಯಲ್ಲಿ ಹೇಳುವ ಪ್ರಯೋಗವನ್ನು ಆರಂಭಿಸಿದರು. ಇಂತಹ ಶಾಲೆಗಳ ಮಕ್ಕಳು ಕೇಳಿ ತಿಳಿಯುವುದರಲ್ಲಿ ನಿಪುಣರಾದರೂ, ಆಡುವುದರಲ್ಲಿಯೂ ಬರೆಯುವುದರಲ್ಲಿಯೂ ಅವರ ವ್ಯಾಕರಣದೋಷಗಳು ಉಳಿದೇ ಇದ್ದುದನ್ನು ಮೆರಿಲ್ ಸ್ವೇನ್ ಎಂಬ ವಿದುಷಿ ಗಮನಿಸಿ, ಕಲಿಯುವವನು ತಾನೂ ಮಾತನಾಡಬೇಕು, ತನ್ನ ಮಾತು ಎದುರಿನವನಿಗೆ ತಲುಪುವಂತೆ ತಿದ್ದಿಕೊಳ್ಳಬೇಕು ಎಂದು ವಾದಿಸಿದರು. ತಿದ್ದಿಕೊಳ್ಳುವಾಗ ವ್ಯಾಕರಣವು ಉಪಕಾರಿಯೇ ಸರಿ. ಅದು ಮಾತಿನ ಹಿಂದೆ ಬರಬೇಕಾದುದು, ಮುಂದೆ ನಿಂತು ದಾರಿ ಕಟ್ಟಬಾರದು.

ಮಾತನಾಡಬೇಕೆಂದರೆ ಎದುರಿಗೆ ಒಬ್ಬನಿರಬೇಕಷ್ಟೆ. ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಬೆಳಗಿನ ಹೊತ್ತು ತರಕಾರಿ ಗಾಡಿಯ ಬಳಿ ನಿಂತು ನೋಡಿ. ಹೊರನಾಡಿನಿಂದ ಹೊಸದಾಗಿ ಬಂದ ಗೃಹಿಣಿಯೊಬ್ಬಳು ಸಂಕೋಚದಿಂದ "ಕೊತ್ತಂಬರಿ... ಎಷ್ಟು?" ಎನ್ನುತ್ತಾಳೆ. ಗಾಡಿಯವನು ಕೂಡಲೆ ಅರೆಬರೆ ಹಿಂದಿಗೆ ತಿರುಗಿ ಬೆಲೆ ಹೇಳುತ್ತಾನೆ. ಪಕ್ಕದಲ್ಲಿದ್ದ ನಮ್ಮವರೂ ಇಂಗ್ಲಿಷಿನಲ್ಲಿ ಸಹಾಯಕ್ಕೆ ಧಾವಿಸುತ್ತಾರೆ. ಸೌಜನ್ಯದಿಂದಲೇ ಮಾಡಿದ ಈ ಉಪಕಾರದಿಂದ ಅವಳ ಕನ್ನಡವು ಹುಟ್ಟಿದಲ್ಲಿಯೇ ನಿಂತುಹೋಗುತ್ತದೆ. "ಒಂದು ಕಟ್ಟು ಹತ್ತು ರೂಪಾಯಿ, ಎರಡು ಕೊಡಲೆ ಅಮ್ಮ?" ಎಂದು ಅವನು ಕಟ್ಟನ್ನು ಎತ್ತಿ ತೋರಿಸಿ ನಿಧಾನವಾಗಿ ಕೇಳಿದ್ದರೆ, ಅವಳಿಗೆ ಅಂದಿನ ಪಾಠವು ಕೊತ್ತಂಬರಿಯೊಡನೆ ಪುಕ್ಕಟೆಯಾಗಿ ದೊರೆಯುತ್ತಿತ್ತು. ಹೊರಗಿನವರು ವರ್ಷಗಟ್ಟಲೆ ಇದ್ದರೂ ಕನ್ನಡ ಕಲಿಯುವುದಿಲ್ಲವೆಂದು ನಾವು ವ್ಯಥೆಪಡುವುದುಂಟು; ಆ ವ್ಯಥೆ ನ್ಯಾಯವಾದುದೇ. ಆದರೆ ಕೇಳಲು ಕನ್ನಡವೇ ಕಿವಿಗೆ ಬೀಳದ ಮೇಲೆ, ಆಡಿದರೆ ಉತ್ತರವು ಬೇರೆ ಭಾಷೆಯಲ್ಲಿ ಬರುವ ಮೇಲೆ, ಅವರು ಕಲಿಯುವ ಬಗೆಯೆಂತು?

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ: ನೆರೆಮನೆಗೆ ಬಂದ ಹೊಸಬರು ಒಂದು ತಪ್ಪು ಕನ್ನಡದ ಮಾತನ್ನಾಡಿದರೆ ದಯವಿಟ್ಟು ನಗಬೇಡಿ, ಅವರ ಭಾಷೆಗೆ ತಿರುಗಲೂಬೇಡಿ, ಸರಳವಾದ ಕನ್ನಡದಲ್ಲಿ, ಅವರಿಗೆ ತಿಳಿಯುವಷ್ಟು ನಿಧಾನವಾಗಿ ಉತ್ತರ ಕೊಡಿ, ಮರುದಿನ ನೀವಾಗಿಯೇ ಅವರನ್ನು ಮಾತನಾಡಿಸಿ.